ಮಗು ಹೇಳಿದಾಗ ಕೇಳುವವರು ಯಾರು?

ಮಗುವೊಂದು ಪದೇ ಪದೇ ಹೊಟ್ಟೆನೋವೆಂದು ಅಳುತ್ತದೆ. ಜಂತುಹುಳುವಿನ ಔಷಧ ಕೊಡಿಸುತ್ತೇವೆ, ಸ್ಕ್ಯಾನಿಂಗ್ ಮಾಡಿಸುತ್ತೇವೆ, ದೃಷ್ಟಿ ತಾಗಿರಬಹುದೆಂದು ನಿವಾಳಿಸಿಯೂ ಹಾಕುತ್ತೇವೆ. ಯಾವುದರಿಂದಲೂ ಗುಣ ಕಾಣದಿದ್ದರೆ ಶಾಲೆ ತಪ್ಪಿಸುವ ನೆಪವೆಂದು ಗದರಿಸುತ್ತೇವೆ. ಹೊಟ್ಟೆನೋವಿಗೆ ಕಾರಣಗಳು ಹತ್ತಾರು. ಅವುಗಳಲ್ಲಿ ಒಂದನ್ನು ಮಾತ್ರ ಯೋಚಿಸಲೂ ನಮಗೆ ಭಯ: ಆ ಮಗುವಿನ ಮೈಯನ್ನು ಯಾರೋ ಮುಟ್ಟಬಾರದ ರೀತಿಯಲ್ಲಿ ಮುಟ್ಟಿರಬಹುದು ಎಂಬುದು.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ ಅಧ್ಯಯನ ನಡೆಸಿ 2007ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಪ್ರಶ್ನಿಸಲಾದ ಮಕ್ಕಳಲ್ಲಿ ಶೇ. 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳೆಂಬುದನ್ನು, ಮಗಳಿಗಷ್ಟೇ ಬುದ್ಧಿ ಹೇಳಿ ಸುಮ್ಮನಾಗುವ ತಾಯಿತಂದೆಗಳು ಗಮನಿಸಬೇಕು. ಬಹುಪಾಲು ಮಕ್ಕಳು ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ.

ಏಕೆ ಹೇಳುವುದಿಲ್ಲ? ದೌರ್ಜನ್ಯ ಎಸಗುವವರು ಬಹುತೇಕ ಅಪರಿಚಿತರಲ್ಲ. ಮಗು ಮಾಮ, ಅಣ್ಣ, ಮೇಷ್ಟ್ರು ಎಂದು ಕರೆಯುವವರು. ಮನೆಯವರು ಎದ್ದುನಿಂತು ಗೌರವಿಸುವವರು. ಅವರು ಒಮ್ಮೆಲೇ ಮೇಲೆ ಬೀಳುವುದಿಲ್ಲ. ಮೊದಲು ಚಾಕೊಲೇಟು, ಮೊಬೈಲು, ವಿಶೇಷ ಅಕ್ಕರೆ; ಆಮೇಲೆ 'ಇದು ನಮ್ಮಿಬ್ಬರ ಗುಟ್ಟು' ಎಂಬ ಮಾತು; ಕೊನೆಗೆ ಬೆದರಿಕೆ. ಹೀಗೆ ಹಂತ ಹಂತವಾಗಿ ಸಿಲುಕಿದ ಮಗು ತಾನೂ ಆ ಪಾಪದಲ್ಲಿ ಪಾಲುದಾರನೆಂದು ನಂಬಿಬಿಡುತ್ತದೆ. ಮನೋವೈದ್ಯರು ಕಾಣುವ ಗಾಯಗಳಲ್ಲಿ ಅತ್ಯಂತ ಆಳವಾದುದು ಈ ಅಪರಾಧಿ ಭಾವವೇ.

ಅದರ ಮೇಲೆ ನಮ್ಮ ಪ್ರಶ್ನೆ: 'ಆಗಲೇ ಏಕೆ ಕೂಗಿಕೊಳ್ಳಲಿಲ್ಲ?' ವಿಪರೀತ ಭಯದಲ್ಲಿ ಮನುಷ್ಯನ ಶರೀರ ಹೋರಾಡಬಹುದು, ಓಡಬಹುದು, ಅಥವಾ ಇದ್ದಲ್ಲಿಯೇ ಮರಗಟ್ಟಿ ನಿಲ್ಲಬಹುದು. ಈ ಮೂರರಲ್ಲಿ ಯಾವುದಾಗಬೇಕೆಂಬುದು ವಿವೇಚನೆಯಿಂದ ಆಗುವ ತೀರ್ಮಾನವಲ್ಲ. ದೊಡ್ಡವರೇ ದನಿ ಕಳೆದುಕೊಳ್ಳುವ ಕ್ಷಣದಲ್ಲಿ ಎಂಟು ವರ್ಷದ ಮಗು ಕೂಗಬೇಕಿತ್ತೆಂದು ಅಪೇಕ್ಷಿಸುವುದು ಕ್ರೌರ್ಯ. ಮಾತು ಹೊರಡದಿದ್ದಾಗ ಶರೀರವೇ ಮಾತನಾಡುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ. ನಿದ್ದೆಯಲ್ಲಿ ಬೆಚ್ಚುತ್ತದೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಮನೆಗೆ ಹೋಗಲು ಹಟಮಾಡಿ ಒಲ್ಲೆನೆನ್ನುತ್ತದೆ. ಹದಿಹರೆಯದವರಲ್ಲಿ ಸಿಡುಕು, ಓದಿನಲ್ಲಿ ಹಿಂಜರಿತ, ಮೈಗೆ ತಾವೇ ಗಾಯ ಮಾಡಿಕೊಳ್ಳುವುದು, ಸಾಯುವ ಮಾತು. ಇವುಗಳಲ್ಲಿ ಯಾವುದೊಂದೂ ತನ್ನಷ್ಟಕ್ಕೆ ಸಾಕ್ಷ್ಯವಲ್ಲ; ಆದರೆ ಯಾವುದೂ ಕಡೆಗಣಿಸುವಂಥದ್ದಲ್ಲ. ಕೆಲವರಲ್ಲಿ ನೋವು ವರ್ಷಾನುಗಟ್ಟಲೆ ಅಡಗಿದ್ದು ವಿವಾಹದ ನಂತರ ಅಥವಾ ಹೆರಿಗೆಯ ಸಮಯದಲ್ಲಿ ತಲೆಯೆತ್ತುವುದುಂಟು.

ಚೇತರಿಕೆಗೆ ಮುಖ್ಯ ಆಧಾರ, ಮಗು ಮೊದಲು ಯಾರ ಬಳಿ ಹೇಳಿಕೊಂಡಿತೋ ಅವರು ಅದನ್ನು ನಂಬಿದರೇ ಎಂಬುದು. 'ಹೇಳಿದ್ದು ಒಳ್ಳೆಯದಾಯಿತು ಕಂದ, ತಪ್ಪು ನಿನ್ನದಲ್ಲ' ಎಂಬಷ್ಟು ಮಾತು ಆ ಹೊತ್ತಿಗೆ ಸಾಕು. ನಮ್ಮ ಮನೆಗಳಲ್ಲಿ ನಡೆಯುವುದಾದರೂ ಏನು? ಹಿರಿಯರು ಸೇರುತ್ತಾರೆ, ಮನೆತನದ ಮರ್ಯಾದೆಯ ಪ್ರಶ್ನೆ ಏಳುತ್ತದೆ, ಹುಡುಗಿಗೆ ಮುಂದೆ ವರ ಸಿಗುವುದಿಲ್ಲವೆಂಬ ಚಿಂತೆ ಬರುತ್ತದೆ, ಅಪರಾಧಿಯಿಂದ ಕ್ಷಮೆ ಕೇಳಿಸಿ ರಾಜಿ ಮಾಡಿಸುತ್ತಾರೆ. ಮುಂದಿನ ಹಬ್ಬಕ್ಕೆ ಆತ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ; ಬಡಿಸುವವಳು ಆ ಹುಡುಗಿ. ಇದನ್ನು ಮರ್ಯಾದೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಕಾನೂನೂ ಒಪ್ಪುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂತಹ ಅಪರಾಧ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ತನ್ನ ಅಧೀನದವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಈ ಮಾತು ಶಾಲೆಗೆ, ವಸತಿನಿಲಯಕ್ಕೆ ಅನ್ವಯಿಸುವಂತೆಯೇ ಮಠಕ್ಕೂ ಅನ್ವಯಿಸುತ್ತದೆ. ಪೀಠದ ಮೇಲಿನ ಭಕ್ತಿಯಾಗಲಿ, ಗುರುಹಿರಿಯರ ಮೇಲಿನ ಗೌರವವಾಗಲಿ ಮಗುವಿನ ಬಾಯಿ ಮುಚ್ಚಿಸುವ ಸಾಧನವಾಗಕೂಡದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ, ಸಮವಸ್ತ್ರ ಧರಿಸದ ಪೊಲೀಸ್ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳೆಯೇ ದಾಖಲಿಸಿಕೊಳ್ಳಬೇಕೆಂದೂ, ಹೆಸರು ವಿಳಾಸ ಪತ್ರಿಕೆಗಳಲ್ಲಿ ಬರಕೂಡದೆಂದೂ ಅದೇ ಕಾಯ್ದೆ ಹೇಳುತ್ತದೆ. 'ಠಾಣೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ' ಎಂದು ಹಿಂಜರಿಯುವವರು ಇದನ್ನು ತಿಳಿದಿರಬೇಕು.

ಇನ್ನು ಚಿಕಿತ್ಸೆ. ಸರಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಸಂತ್ರಸ್ತ ಮಗುವಿಗೆ ಉಚಿತವಾಗಿ ಚಿಕಿತ್ಸೆ ನೀಡಬೇಕು. ಮೊದಲು ದೂರು ದಾಖಲಿಸಿ ಬನ್ನಿರೆಂದು ಮರಳಿ ಕಳಿಸುವಂತಿಲ್ಲ. ಮನಸ್ಸಿನ ಆರೈಕೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಪ್ರತ್ಯೇಕ ವಿಭಾಗವಿದೆ. ಇಂತಹ ಆಘಾತಕ್ಕೆಂದೇ ರೂಪಿಸಿದ ಆಪ್ತಸಮಾಲೋಚನೆ ಸಾಮಾನ್ಯವಾಗಿ 12ರಿಂದ 16 ಭೇಟಿಗಳಲ್ಲಿ ನಡೆಯುತ್ತದೆ. ಅದರಲ್ಲಿ ತಾಯಿಯೋ ತಂದೆಯೋ ಜೊತೆಗೂಡುತ್ತಾರೆ; ಮಗು ನಡೆದುದನ್ನು ತನ್ನದೇ ವೇಗದಲ್ಲಿ, ಚಿತ್ರ ಬರೆದೋ ಆಟವಾಡುತ್ತಲೋ ಹೇಳಿಕೊಳ್ಳುತ್ತದೆ. ಎರಡು ಭೇಟಿಗಳ ನಂತರ ಮಗು ನಕ್ಕಿತೆಂದು ಚಿಕಿತ್ಸೆ ನಿಲ್ಲಿಸಬಾರದು. ಆಸ್ಪತ್ರೆ ದೂರವಿದ್ದವರು ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದು. ಎರಡಕ್ಕೂ ಹಣ ತೆರಬೇಕಾಗಿಲ್ಲ.