ಬಿಟ್ಟ ಮೇಲಿನ ದಿನಗಳು: ಕೊಕೇನ್ ವ್ಯಸನಿಯ ಮನೆಯವರು ತಿಳಿದಿರಬೇಕಾದದ್ದು

ಆರೋಗ್ಯ ಪುಟದಲ್ಲಿ ಕೊಕೇನ್ ಎಂಬ ಹೆಸರನ್ನು ಕಂಡು, ಕಂದಿಕೆರೆಯಂಥ ಊರಿಗೂ ಇದಕ್ಕೂ ಏನು ಸಂಬಂಧವೆಂದು ಸದ್ಭಕ್ತರು ಕೇಳಬಹುದು. ಕೇಳುವುದು ಸಹಜವೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಸಂಸಾರಗಳನ್ನು ಮುರಿದದ್ದು ಮದ್ಯ. ಕೇಂದ್ರ ಸರ್ಕಾರವು ದೆಹಲಿಯ ಏಮ್ಸ್ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ದೇಶದ ಮಟ್ಟಿಗೆ ಇದೇ ಚಿತ್ರವನ್ನು ಕೊಡುತ್ತದೆ. 10ರಿಂದ 75 ವರ್ಷ ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 14.6 ಮಂದಿ; ಕೊಕೇನ್ ಬಳಸುವವರು ಸಾವಿರಕ್ಕೆ ಒಬ್ಬರು. ಆದರೆ ಕೊಬ್ಬರಿ ಮಾರಿದ ಹಣದಲ್ಲಿ ಓದಿದ ನಮ್ಮ ಮಕ್ಕಳು ಇಂದು ಬೆಂಗಳೂರಿನಲ್ಲಿದ್ದಾರೆ. 2020ರಲ್ಲಿ ಅಲ್ಲಿನ ಚಿತ್ರರಂಗದ ಸುತ್ತ ಮಾದಕ ವಸ್ತು ಪ್ರಕರಣ ಎದ್ದಾಗ ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಓದಿದೆವು. ಯಾರೋ ಸಿರಿವಂತರ ಕಾಯಿಲೆಯೆಂದು ಪುಟ ಮಗುಚಿದೆವು. ಆ ಸಾವಿರಕ್ಕೊಬ್ಬರು ಯಾವ ಮನೆಯ ಮಗನೋ ಮಗಳೋ ಎಂಬುದನ್ನು ಸಮೀಕ್ಷೆ ಹೇಳುವುದಿಲ್ಲ.

ಇದು ಈ ದೇಶಕ್ಕೆ ಹೊಸದೂ ಅಲ್ಲ. ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ಈ ಸತ್ವವನ್ನು ಬೇರ್ಪಡಿಸಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. 1884ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ಮರಗಟ್ಟಿಸುವ ಔಷಧವಾಗಿ ಅದು ಪ್ರಸಿದ್ಧಿಗೆ ಬಂತು. ಕೆಲವೇ ದಶಕಗಳಲ್ಲಿ ಉತ್ತರ ಭಾರತದ ನಗರಗಳಲ್ಲಿ ಜನ ಅದನ್ನು ಸುಣ್ಣ ಹಚ್ಚಿದ ವೀಳ್ಯದೆಲೆಯಲ್ಲಿಟ್ಟು ಜಗಿಯುತ್ತಿದ್ದರು. ಆರ್. ಎನ್. ಚೋಪ್ರಾ ಎಂಬ ವೈದ್ಯವಿಜ್ಞಾನಿ 1931ರಲ್ಲಿಯೇ ಭಾರತದ ಕೊಕೇನ್ ಚಟವನ್ನು ಕುರಿತು ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದ್ದರು. ಎಲೆ ಅಡಿಕೆಯ ತಟ್ಟೆಯಲ್ಲಿ ಕುಳಿತಿದ್ದ ವಿಷವನ್ನು ವಿದೇಶೀಯವೆಂದು ದೂರವಿಡುವುದು ಕಷ್ಟ.

ಬಿಟ್ಟಾಗ ಏನಾಗುತ್ತದೆ ಎಂಬುದೇ ನಮ್ಮ ಮುಖ್ಯ ವಿಷಯ. ಮನಸ್ಸಿಗೆ ಹಿತವೆನಿಸುವ ಯಾವುದೇ ಅನುಭವದಲ್ಲಿ ಮೆದುಳು ಡೋಪಮಿನ್ ಎಂಬ ರಾಸಾಯನಿಕವನ್ನು ಒಸರಿಸುತ್ತದೆ, ಕೆಲಸ ಮುಗಿದೊಡನೆ ಹಿಂದಕ್ಕೆ ಹೀರಿಕೊಳ್ಳುತ್ತದೆ. ಕೊಕೇನ್ ಈ ಹೀರಿಕೊಳ್ಳುವ ದಾರಿಯನ್ನು ಅಡ್ಡಗಟ್ಟುತ್ತದೆ. ತೋಟದ ಬಸಿಗಾಲುವೆಗೆ ಕಟ್ಟೆ ಹಾಕಿದಂತೆ ನೀರು ನಿಂತು ತುಂಬುತ್ತದೆ. ಆ ಉಬ್ಬರವೇ ಅಮಲು. ಬಹುಕಾಲ ಹೀಗೆ ನಡೆದರೆ ಮೆದುಳು ತಾನೇ ಮಂದವಾಗಿ, ಊಟ, ಮಾತು, ಮಕ್ಕಳ ಮುಖ ಯಾವುದೂ ಸಂತೋಷ ಕೊಡದ ಸ್ಥಿತಿ ಬರುತ್ತದೆ. ಬಿಟ್ಟವನು ಮೊದಲು ಬಂದು ನಿಲ್ಲುವುದು ಈ ಬರದಲ್ಲಿಯೇ.

ಕೊನೆಯ ಸೇವನೆಯ ನಂತರ ಕೆಲವು ಗಂಟೆಗಳಲ್ಲಿ ಕುಸಿತ ಆರಂಭವಾಗುತ್ತದೆ. ಅತಿಯಾದ ಆಯಾಸ, ಮುಖ ಕೊಟ್ಟು ಮಾತಾಡಲಾರದ ಖಿನ್ನತೆ, ಸಿಡುಕು, ಕಳವಳ. ಬಳಿಕ ನಿದ್ರೆ. ಹಗಲಿರುಳೆನ್ನದೆ ಮಲಗುತ್ತಾರೆ, ಎದ್ದಾಗ ವಿಪರೀತ ಹಸಿವು, ಮಲಗಿದಾಗ ಬೆಚ್ಚಿಬೀಳಿಸುವ ಕನಸುಗಳು. ಮದ್ಯ ಬಿಟ್ಟವರಂತೆ ಕೈ ನಡುಗದು, ಹೆರಾಯಿನ್ ಬಿಟ್ಟವರಂತೆ ವಾಂತಿ ಭೇದಿಗಳಿಂದ ನರಳುವುದೂ ಇಲ್ಲ. ಆದುದರಿಂದ ನೋಡುವವರಿಗೆ ಇದು ಕಾಯಿಲೆಯಂತೆ ಕಾಣುವುದೇ ಇಲ್ಲ. ಮೂರು ದಿನ ಮಲಗಿ ಎದ್ದು ಹೊಟ್ಟೆ ತುಂಬ ಉಂಡವನನ್ನು ಕಂಡು ಮನೆಯ ಹಿರಿಯರು ಸೋಮಾರಿಯೆನ್ನುತ್ತಾರೆ, ತೋಟಕ್ಕೆ ಹೋಗಿ ಕಾಯಿ ಸುಲಿಸು ಎನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆ ವಾರದಲ್ಲಿ ಆಡಬಾರದ ಮಾತು ಇದೊಂದೇ. ಮಲಗಲಿ, ಉಣ್ಣಲಿ, ನೀರು ಕುಡಿಯಲಿ.

ಆದರೆ ಒಬ್ಬರೇ ಇರುವುದು ಬೇಡ. ದೇಹಕ್ಕೆ ಸುಲಭವಾದ ಈ ದಿನಗಳು ಮನಸ್ಸಿಗೆ ಅತ್ಯಂತ ಅಪಾಯದವು. ಜೀವ ಬೇಡವೆನ್ನುವ ಆಲೋಚನೆ ಬರುವುದುಂಟು. ತೆಂಗಿನ ನುಸಿಗೋ ಕಪ್ಪುತಲೆ ಹುಳುವಿಗೋ ತಂದಿಟ್ಟ ಕೀಟನಾಶಕದ ಬಾಟಲಿ ನಮ್ಮ ಮನೆಗಳ ಹಿತ್ತಿಲ ಗೂಡಿನಲ್ಲಿ, ಪಂಪಿನ ಮನೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಮಗ ಊರಿಗೆ ಬರುವ ಮೊದಲು ಅದನ್ನು ಬೇರೊಬ್ಬರ ಮನೆಗೆ ಸಾಗಿಸಬೇಕು. ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಇಂಥ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಕೆಡುಕಾಗುತ್ತದೆಂಬ ಭಯ ಹಲವರಿಗಿದೆ. ಆಗುವುದಿಲ್ಲ, ಕೇಳಿದವರ ಬಳಿ ಹೇಳಿಕೊಳ್ಳುವ ಧೈರ್ಯ ಬರುತ್ತದೆ.

ಮೊದಲ ವಾರ ಕಳೆದ ಮೇಲೆ ಮುಖದಲ್ಲಿ ಕಳೆ ಬರುತ್ತದೆ. ಎಲ್ಲರೂ ಗೆದ್ದೆವೆಂದುಕೊಳ್ಳುವ ಹೊತ್ತು ಅದು. ಅಮೆರಿಕದ ವೈದ್ಯರಾದ ಗಾವಿನ್ ಮತ್ತು ಕ್ಲೆಬರ್ 1986ರಲ್ಲಿ ಈ ಅವಧಿಯನ್ನು ಕುಸಿತ, ನೀರಸತೆ, ಕ್ರಮೇಣ ಆರುವಿಕೆ ಎಂದು ಮೂರು ಹಂತಗಳಾಗಿ ವಿವರಿಸಿದರು. ಆಸ್ಪತ್ರೆಯಲ್ಲಿ ಒಳರೋಗಿಗಳನ್ನು ಗಮನಿಸಿದ ನಂತರದ ಸಂಶೋಧಕರಿಗೆ ಹಂತಗಳು ಅಷ್ಟು ಬಿಡಿಬಿಡಿಯಾಗಿ ಕಾಣಲಿಲ್ಲ, ದಿನದಿಂದ ದಿನಕ್ಕೆ ಸುಧಾರಣೆಯಷ್ಟೇ ಕಂಡಿತು. ಹಂತಗಳ ಲೆಕ್ಕ ಹೇಗೇ ಇರಲಿ, ಬಯಕೆ ಮಾತ್ರ ಬಹುಕಾಲ ಉಳಿಯುತ್ತದೆ. ಹಳೆಯ ಗೆಳೆಯನ ಕರೆ, ಸಂಬಳ ಬಂದ ದಿನ, ಒಂದು ಹಾಡು, ಒಂದು ರಸ್ತೆ ಸಾಕು ಅದು ಹೆಡೆಯೆತ್ತಲು. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅವಸರಪಟ್ಟು ಒಡೆದರೆ ಒಳಗಿನ್ನೂ ಹಸಿ. ಹದಿನೈದು ದಿನಕ್ಕೆ ಮಗ ಸರಿಹೋದನೆಂದು ಮತ್ತೆ ಅದೇ ಬಾಡಿಗೆ ಕೋಣೆಗೆ, ಅದೇ ಸ್ನೇಹಿತರ ನಡುವೆ ಕಳುಹಿಸುವುದು ಅಂಥದೇ ಅವಸರ.

ಇನ್ನೊಂದು ಅವಸರ ಮದುವೆಯದು. "ಒಂದು ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ತಾನೇ ನೆಟ್ಟಗಾಗುತ್ತಾನೆ" ಎಂಬ ಸಲಹೆ ಕುಡುಕರ ವಿಷಯದಲ್ಲಿ ನಮ್ಮ ಸಮಾಜದಲ್ಲಿ ಎಷ್ಟೋ ಹೆಣ್ಣುಮಕ್ಕಳ ಬಾಳನ್ನು ಬಲಿ ಕೊಟ್ಟಿದೆ. ಹೆಣ್ಣು ಔಷಧವಲ್ಲ. ವ್ಯಸನವನ್ನು ಮುಚ್ಚಿಟ್ಟು ಸಂಬಂಧ ಬೆಳೆಸುವುದನ್ನು ನಾವು ವಂಚನೆಯೆಂದೇ ಕರೆಯುತ್ತೇವೆ.

ಹಾಗಾದರೆ ಔಷಧವೇನು? ಕೊಕೇನ್ ವ್ಯಸನಕ್ಕೆಂದೇ ಅಂಗೀಕೃತವಾದ ಗುಳಿಗೆ ಈವರೆಗೆ ಇಲ್ಲ. ನಿದ್ರೆ, ಕಳವಳ, ಖಿನ್ನತೆಗಳಿಗೆ ವೈದ್ಯರು ಅಗತ್ಯ ಕಂಡರೆ ಮಾತ್ರೆ ಕೊಡುತ್ತಾರೆ. ಫಲ ಕೊಟ್ಟಿರುವುದು ಆಪ್ತಸಮಾಲೋಚನೆ. ಬಯಕೆ ಹುಟ್ಟುವ ಸಂದರ್ಭಗಳನ್ನು ಗುರುತಿಸಿ ತಪ್ಪಿಸಿಕೊಳ್ಳುವ ಅಭ್ಯಾಸ. ಮತ್ತು ಮೂತ್ರ ಪರೀಕ್ಷೆಯಲ್ಲಿ ಶುದ್ಧವಾಗಿದ್ದಾಗಲೆಲ್ಲ ಸಣ್ಣ ಬಹುಮಾನ ಕೊಡುವ ಕ್ರಮ. ಕೊನೆಯದು ಮಕ್ಕಳಾಟದಂತೆ ತೋರಿದರೂ ಅಧ್ಯಯನಗಳಲ್ಲಿ ಅತ್ಯುತ್ತಮ ಫಲಿತಾಂಶ ಬಂದಿರುವುದು ಅದಕ್ಕೇ. ಬೈಗುಳಕ್ಕೆ ಅಂಥ ಫಲವಿದೆಯೆಂದು ಯಾವ ಅಧ್ಯಯನವೂ ಹೇಳಿದ್ದನ್ನು ನಾವು ಕಂಡಿಲ್ಲ.

ಮಠಗಳ ಪಾತ್ರದ ಬಗ್ಗೆಯೂ ಎರಡು ಮಾತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಮನೆಮನೆಗೆ ನಡೆದು ಜೋಳಿಗೆಯಲ್ಲಿ ಕಾಣಿಕೆಯ ಬದಲು ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಗುರುವಿನ ಮುಂದೆ ಕೊಟ್ಟ ಮಾತಿಗೆ ಬಲವಿದೆ. ಅದನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಇಲ್ಲಿ ಭಕ್ತರು ಒಂದು ಭೇದವನ್ನು ಅರಿಯಬೇಕು. ಕೊಕೇನನ್ನು ಪ್ರತಿಜ್ಞೆ ಮಾಡಿದ ದಿನವೇ ಪೂರ್ತಿ ನಿಲ್ಲಿಸಬಹುದು. ವರ್ಷಗಟ್ಟಲೆ ಪ್ರತಿನಿತ್ಯ ಹೆಚ್ಚು ಕುಡಿದವನು ಮದ್ಯವನ್ನು ಹಾಗೆ ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ, ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಕಾಣಿಸಿಕೊಳ್ಳಬಹುದು. ಚಿಕಿತ್ಸೆಯಿಲ್ಲದ ಸನ್ನಿ ಪ್ರಾಣ ತೆಗೆಯುತ್ತದೆ. ಬೆವರು, ನಡುಕ, ಇಲ್ಲದ್ದನ್ನು ಕಾಣುವುದು ಆರಂಭವಾದರೆ ಅದು ದೆವ್ವವೂ ಅಲ್ಲ, ಶಾಪವೂ ಅಲ್ಲ. ಕೊಕೇನ್ ಬಳಸುವವರಲ್ಲಿ ಹಲವರು ಮದ್ಯವನ್ನೂ ಸೇವಿಸುತ್ತಾರೆ. ಎರಡೂ ಸೇರಿದಾಗ ಯಕೃತ್ತಿನಲ್ಲಿ ಕೊಕಾಎಥಿಲಿನ್ ಎಂಬ, ಹೃದಯಕ್ಕೆ ಇನ್ನಷ್ಟು ಕೆಡುಕಾದ ವಸ್ತು ಹುಟ್ಟುತ್ತದೆ. ಆದಕಾರಣ ಮಠದಲ್ಲಿ ಸಂಕಲ್ಪ ಮಾಡಿಸುವ ಮುನ್ನ ವೈದ್ಯರ ತಪಾಸಣೆ ಆಗಿರಲಿ ಎಂಬುದು ನಮ್ಮ ನಿಲುವು.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರು ಉಂಟು. 1985ರ ಮಾದಕ ದ್ರವ್ಯ ಕಾಯಿದೆಯ 64ಎ ವಿಧಿ ಇಂಥವರಿಗಾಗಿಯೇ ಇದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ (ಕೊಕೇನಿಗೆ 2 ಗ್ರಾಂ) ಆರೋಪ ಹೊತ್ತ ವ್ಯಸನಿಯು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು. ಮಾರಾಟಗಾರರಿಗೆ ಇದು ಅನ್ವಯಿಸದು. ಹೊಡೆದು, ಕಟ್ಟಿಹಾಕಿ ಬಿಡಿಸುತ್ತೇವೆನ್ನುವ ಕೇಂದ್ರಗಳ ಬಾಗಿಲಿಗೆ ಹೋಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮಾದಕ ವಸ್ತುಗಳಿಂದ ಬಂದ ಮಾನಸಿಕ ತೊಂದರೆಯನ್ನೂ ಕಾಯಿಲೆಯೆಂದೇ ಎಣಿಸಿದೆ, ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ.

ಮೊದಲ ವಿಚಾರಣೆಗೆ ಊರು ಬಿಟ್ಟು ಹೋಗಬೇಕಾಗಿಯೂ ಇಲ್ಲ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಟೆಲಿ ಮಾನಸ್ 14416. ಎರಡೂ ಉಚಿತ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎದೆನೋವು, ಉಸಿರಾಟದ ಕಷ್ಟ, ಸೆಳೆತ, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಮಾತ್ರ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ. ಆಗ ವೈದ್ಯರಿಗೆ ಕೊಕೇನಿನ ವಿಷಯವನ್ನು ಕೇಳುವ ಮೊದಲೇ ಹೇಳಿಬಿಡಬೇಕು. ಎದೆನೋವಿಗೆ ಸಾಮಾನ್ಯವಾಗಿ ಕೊಡುವ ಕೆಲವು ಔಷಧಗಳನ್ನು ಕೊಕೇನ್ ದೇಹದಲ್ಲಿರುವಾಗ ಕೊಡಬಹುದೇ ಎಂದು ಅವರು ಯೋಚಿಸಬೇಕಾಗುತ್ತದೆ.