ಆಂಜಿಯೋಗ್ರಾಂ ನಾರ್ಮಲ್, ಎದೆನೋವು ಮಾತ್ರ ಹೋಗಿಲ್ಲ: ಮಾತ್ರೆ ಮೊದಲೋ, ಪರೀಕ್ಷೆ ಮೊದಲೋ?

ಕುಂದಾಪುರದ ಬಳಿಯ ಕುಂಭಾಶಿಯಲ್ಲಿ ಆನೆಗುಡ್ಡೆಯ ಏರು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಐವತ್ತರ ಆಚೀಚಿನ ಹೆಂಗಸರು ಹೇಳುವ ದೂರಿದು. ಹೆದ್ದಾರಿ ಹಿಡಿದು ಸುಮಾರು 30 ಕಿ.ಮೀ. ದೂರದ ಉಡುಪಿ-ಮಣಿಪಾಲದ ಕಡೆ ಹೋಗಿ ಆಂಜಿಯೋಗ್ರಾಂ ಮಾಡಿಸಿದರೆ 'ಬ್ಲಾಕ್ ಇಲ್ಲ' ಎಂಬ ವರದಿ ಬರುತ್ತದೆ. "ಎಂತ ಇಲ್ಲ ಅಂಬ್ರ್, ಗ್ಯಾಸ್ ಅಂಬ್ರ್" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ನೋವು ಉಳಿಯುತ್ತದೆ.

ಅರ್ಧ ಮಿಲಿಮೀಟರಿಗಿಂತ ಸಪೂರದ ರಕ್ತನಾಳಗಳು ಆಂಜಿಯೋಗ್ರಾಂನಲ್ಲಿ ಕಾಣುವುದೇ ಇಲ್ಲ. ಅವು ಶ್ರಮಕ್ಕೆ ತಕ್ಕಷ್ಟು ಹಿಗ್ಗದಿದ್ದರೂ, ಸೆಟೆದುಕೊಂಡರೂ ಹೃದಯದ ಸ್ನಾಯುವಿಗೆ ರಕ್ತ ಸಾಲುವುದಿಲ್ಲ. ಇಂಥ ಅನುಮಾನವಿದ್ದಾಗ, ಸೂಕ್ಷ್ಮನಾಳಗಳ ಪರೀಕ್ಷೆ ಮಾಡದೆಯೇ ಔಷಧ ಶುರುಮಾಡಬಹುದೇ?

ಪರ: ನೋವು ಕಾಯುವುದಿಲ್ಲ

ಪರೀಕ್ಷೆಗೆ ಹೃದಯದ ನಾಳದೊಳಗೆ ವಿಶೇಷ ತಂತಿ ಇಳಿಸಬೇಕು, ಅಡೆನೋಸಿನ್ ಕೊಟ್ಟು ರಕ್ತದ ಹರಿವು ಎಷ್ಟು ಪಟ್ಟು ಏರಿತೆಂದು ಅಳೆಯಬೇಕು. ಆ ತಂತಿ ದುಬಾರಿ, ಎಲ್ಲ ಕ್ಯಾತ್ ಲ್ಯಾಬ್‌ಗಳಲ್ಲೂ ಇದು ನಡೆಯುವುದಿಲ್ಲ. ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್, ಸ್ಟಾಟಿನ್‌ಗಳಾದರೋ ಹಳೆಯ, ಅಗ್ಗದ ಮಾತ್ರೆಗಳು. ಬಿಪಿ, ಶುಗರ್ ಇರುವವರಿಗೆ ಇವುಗಳಲ್ಲಿ ಒಂದೆರಡು ಹೇಗೂ ಬೇಕಾಗುತ್ತವೆ. ಪರೀಕ್ಷೆ ಮಾಡಿದ ಮಾತ್ರಕ್ಕೆ ನೋವು ಇಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ: ಸ್ಕಾಟ್ಲೆಂಡಿನ ತಂಡವೊಂದು 2024ರಲ್ಲಿ ಪ್ರಕಟಿಸಿದ ಕಾರ್‌ಸಿಟಿಸಿಎ ಅಧ್ಯಯನದಲ್ಲಿ ರೋಗನಿರ್ಣಯ ಬದಲಾಯಿತು, ಎದೆನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಿರುವಾಗ ರೋಗಿಯನ್ನು ಬರೀ ಗ್ಯಾಸಿನ ಗುಳಿಗೆಯ ಮೇಲೆ ಬಿಡುವುದು ಅನ್ಯಾಯ.

ವಿರೋಧ: ಯಾವ ನಾಳಕ್ಕೆ ಯಾವ ಮಾತ್ರೆ?

ಹಿಗ್ಗದ ನಾಳ ಬೇರೆ, ಸೆಟೆಯುವ ನಾಳ ಬೇರೆ. ಮೊದಲಿನದಕ್ಕೆ ಬೀಟಾ ಬ್ಲಾಕರ್ ಒಗ್ಗುತ್ತದೆ. ಎರಡನೆಯದಕ್ಕೆ ಡಿಲ್ಟಿಯಾಜೆಮ್‌ನಂಥ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಬೇಕು, ಅಲ್ಲಿ ಬೀಟಾ ಬ್ಲಾಕರ್ ಕೊಟ್ಟರೆ ಸೆಟೆತ ಹೆಚ್ಚಲೂಬಹುದು. ನಾಲಿಗೆಯಡಿ ಇಡುವ ನೈಟ್ರೇಟ್ ಸೂಕ್ಷ್ಮನಾಳದ ನೋವಿಗೆ ಅನೇಕರಲ್ಲಿ ಕೈಕೊಡುತ್ತದೆ. ಇನ್ನೊಂದು ಮಾತ್ರೆ ನಿಕೊರಾಂಡಿಲ್ ತಲೆನೋವು ತರುತ್ತದೆ, ಕೆಲವರಿಗೆ ಬಾಯಿಹುಣ್ಣು.

ಔಷಧಗಳ ಪುರಾವೆಯೂ ಗಟ್ಟಿಯಿಲ್ಲ. ರಾನೊಲಜಿನ್‌ನ 2016ರ ಪ್ರಯೋಗದಲ್ಲಿ ಒಟ್ಟಾರೆ ಲಾಭ ಸಿಗಲಿಲ್ಲ. 2022ರಲ್ಲಿ ಡಚ್ ವೈದ್ಯರು ಡಿಲ್ಟಿಯಾಜೆಮ್ ಕೊಟ್ಟು ನೋಡಿದಾಗ ನಾಳಗಳ ವರ್ತನೆ ಸುಧಾರಿಸಲಿಲ್ಲ. 2024ರಲ್ಲಿ ಜಿಬೊಟೆಂಟಾನ್ ಕೂಡ ಸೋತಿತು. ಗೆದ್ದದ್ದು, 2018ರಲ್ಲಿ ಪ್ರಕಟವಾದ ಕಾರ್‌ಮಿಕಾ ಪ್ರಯೋಗ. ಸ್ಕಾಟ್ಲೆಂಡಿನ 151 ರೋಗಿಗಳ ಆ ಪ್ರಯೋಗದಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಔಷಧ ಆರಿಸಿದವರಿಗೆ ಆರು ತಿಂಗಳಲ್ಲಿ ನೋವು ತಗ್ಗಿತ್ತು. ಯುರೋಪಿನ 2024ರ ಮಾರ್ಗಸೂಚಿಯೂ ನೋವು ಬಿಡದವರಿಗೆ ಈ ಪರೀಕ್ಷೆಯನ್ನು ಒತ್ತಿ ಹೇಳಿದೆ. ಅಂದಾಜಿನಲ್ಲಿ ಶುರುವಾದ ಮಾತ್ರೆಯನ್ನು ನಿಲ್ಲಿಸುವವರು ಯಾರು? ಚೀಟಿಯಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ನಮ್ಮ ನಿಲುವು

ಪರದ ವಾದಕ್ಕೆ ತೂಕ ಜಾಸ್ತಿ, ಆದರೆ ಅದು ಗಡುವು ಇಟ್ಟುಕೊಂಡ ಪ್ರಯತ್ನವಾಗಿರಬೇಕು. ಮೊದಲು ಕುಂದಾಪುರದಲ್ಲೇ ಹಿಮೋಗ್ಲೋಬಿನ್, ಥೈರಾಯ್ಡ್, ಬಿಪಿ, ಶುಗರ್ ನೋಡಿಸಿ. ರಕ್ತಹೀನತೆಯೊಂದೇ ಎದೆ ಬಿಗಿತ ತರಬಲ್ಲದು, ನಮ್ಮ ಹೆಂಗಸರಲ್ಲಿ ಅದು ಅಪರೂಪವಲ್ಲ. ಆಮೇಲೆ ವೈದ್ಯರು ಒಂದು ಮಾತ್ರೆ ಆರಿಸಲಿ, ಒಂದೆರಡು ತಿಂಗಳಲ್ಲಿ ಮರುಭೇಟಿ ಗೊತ್ತುಮಾಡಲಿ. ನೋವು ಎಷ್ಟು ಹೊತ್ತು, ಏನು ಮಾಡುವಾಗ ಬಂತು ಎಂದು ಮನೆಯಲ್ಲಿ ಬರೆದಿಡಿ. ಇಳಿಯದಿದ್ದರೆ ಮಾತ್ರೆ ಬದಲಿಸುತ್ತ ಕೂರದೆ ಪರೀಕ್ಷೆಗೆ ಕಳಿಸಿಕೊಡಿ ಎಂದು ಕೇಳುವುದು ರೋಗಿಯ ಹಕ್ಕು. ವಿಶ್ರಾಂತಿಯಲ್ಲೂ ನೋವು ನಿಲ್ಲದೆ ಬೆವರಿದರೆ, ಹಳೆಯ ನಾರ್ಮಲ್ ವರದಿಯನ್ನು ನಂಬಿ ಕೂರಬೇಡಿ, 108ಕ್ಕೆ ಕರೆ ಮಾಡಿ.