ಡ್ಯಾಶ್‌ಬೋರ್ಡಿನ ತೂತು

‘ಯಾವ ಪುಣ್ಯಾತ್ಮ ಕೊರದಾನ್ರೀ ಇದನ್ನ?’

ಗಂಗಾವತಿಯ ಗ್ಯಾರೇಜಿನಲ್ಲಿ ಟಿಂಕರ್ ಕೆಲಸದವರು ನಮ್ಮ ಫಿಯೆಟ್‌ನ ಡ್ಯಾಶ್‌ಬೋರ್ಡಿಗೆ ಟಾರ್ಚ್ ಹಿಡಿದು ಕೇಳಿದಾಗ ನಾನು ನಕ್ಕೆ. ‘ಯಾರೋ ತಿಳೀದವರು ಮಾಡಿದ ಕೆಲಸ’ ಅಂದೆ. ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಅಪ್ಪ ಏನೂ ಮಾತಾಡಲಿಲ್ಲ. ಲೋಟ ಕೆಳಗಿಟ್ಟು ಹೊರಗೆ ಹೋದರು.

ಕಾರು ನಮ್ಮಜ್ಜ 1974ರಲ್ಲಿ ಕೊಂಡದ್ದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಮುಂಬೈನಲ್ಲಿ ತಯಾರಾಗತೊಡಗಿದ ಈ ಗಾಡಿಗೆ ‘ಪದ್ಮಿನಿ’ ಅಂತ ಹೆಸರು ಬಂದದ್ದೂ 1974ರಲ್ಲೇ. ನಮ್ಮೂರಲ್ಲಿ ಮಾತ್ರ ಅದು ಯಾವತ್ತೂ ಫಿಯೆಟ್ಟೇ. ಆರ್‌ಸಿ ಪುಸ್ತಕದಲ್ಲಿ ರಾಯಚೂರಿನ ಸೀಲು. ಕೊಪ್ಪಳ ಜಿಲ್ಲೆಯಾದದ್ದೇ 1997ರಲ್ಲಿ ಅಲ್ವಾ? ಯಲಬುರ್ಗಾದ ಮನೆಯ ಹಿಂದೆ, ಹುಣಸೆ ಮರದ ಕೆಳಗೆ ಹದಿನೈದು ವರ್ಷ ನಿಂತೇ ಇತ್ತು.

ಬೆಂಗಳೂರಿನ ಕೆಲಸದ ನಡುವೆ ನನಗೆ ಹತ್ತಿದ ಹುಚ್ಚು ವಿಂಟೇಜ್ ನೋಂದಣಿಯದು. 2021ರ ಕೇಂದ್ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಂಬರಿನಲ್ಲಿ ‘ವಿಎ’ ಅಕ್ಷರ. ಇಷ್ಟೆಲ್ಲ ಓದಿಕೊಂಡವನಿಗೆ ಡ್ಯಾಶ್‌ಬೋರ್ಡಿನ ತೂತು ದೊಡ್ಡ ಅಪರಾಧದ ಹಾಗೆ ಕಂಡಿತ್ತು. ಈಗಿನ ಕಾರುಗಳ ಹಾಗೆ ಅದು ಪ್ಲಾಸ್ಟಿಕ್ ಅಲ್ಲ, ಬಣ್ಣ ಬಳಿದ ತಗಡು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಾವಾಗೇ ಹೇಳಿದರು: ‘ಅದನ್ನ ಕೊರದಾಂವ ನಾನ.’

1991ರ ಮಾತು. ಅಜ್ಜಿಯನ್ನು ತಿಂಗಳಿಗೆರಡು ಸಲ ಹುಬ್ಬಳ್ಳಿ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ‘ದಾರ್ಯಾಗ ಆಕಿಗೆ ನೋವು ಭಾಳ ಆಗ್ತಿತ್ತು. ಷರೀಫಜ್ಜನ ಪದಾ ಹಚ್ಚಿದ್ರ ಗದಗ ಬರೂತನಾ ಸುಮ್ನಿರ್ತಿದ್ಲು.’ ಕ್ಯಾಸೆಟ್ ಪ್ಲೇಯರ್ ಕೂರಿಸಲು ಜಾಗ ಬೇಕಿತ್ತು: 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಅಪ್ಪ ಸಾಲಾಗಿ ಡ್ರಿಲ್ ಹೊಡೆದು, ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದಿದ್ದರು. ಅದಕ್ಕೇ ಅಂಚು ಗರಗಸದ ಹಲ್ಲಿನ ಹಾಗಿತ್ತು.

ನನಗೆ ತುತ್ತು ಇಳಿಯಲಿಲ್ಲ. ‘ಹಂಗಿದ್ರ ಬ್ಯಾಡ ಬಿಡ್ರಿ ಅಪ್ಪಾ, ಇದ್ದಂಗೇ ಇರಲಿ’ ಅಂದೆ.

‘ಮುಚ್ಚಸು. ನಿಮ್ಮಜ್ಜ ಆಗ ಭಾಳ ಬೈದಿದ್ದ. ಮುಂದ ಸರಿ ಮಾಡಿಸಿಕೊಡ್ತೀನಿ ಅಂದಿದ್ದೆ. ಆಗಲೇ ಇಲ್ಲ.’

ಮರುವಾರ ಇಬ್ಬರೂ ಗ್ಯಾರೇಜಿಗೆ ಹೋದೆವು. ಮೊದಲು ಬ್ಯಾಟರಿ ಕಳಚಿ, ಮೀಟರ್ ಬಿಚ್ಚಿ, ವೈರುಗಳ ಫೋಟೊ ತೆಗೆದು ಹಿಂದಕ್ಕೆ ಸರಿಸಿದ್ದಾಯ್ತು. ಗಾಜಿಗೂ ಸೀಟಿಗೂ ಕಿಡಿ ತಾಗದಂತೆ ದಪ್ಪ ಬಟ್ಟೆ ಹೊದಿಸಿದರು. ಹಲ್ಲುಹಲ್ಲಾದ ಅಂಚನ್ನು ನೇರ ಮಾಡಿ, ರಟ್ಟಿನಲ್ಲಿ ಅಳತೆ ತೆಗೆದು, 20 ಗೇಜಿನ ತಗಡನ್ನು ಹಾಗೇ ಕತ್ತರಿಸಿದರು. ಇದು ಮಿಲಿಮೀಟರಿಗಿಂತ ತುಸು ತೆಳು. ಒಂದೇ ಸಮನೆ ವೆಲ್ಡ್ ಎಳೆದರೆ ಕಾದು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹಾಗಾಗಿ ಈ ಮೂಲೆಗೊಂದು ಚುಕ್ಕಿ, ಆ ಮೂಲೆಗೊಂದು ಚುಕ್ಕಿ. ನಡುನಡುವೆ ಆರಲು ಬಿಡಬೇಕು. ಒದ್ದೆ ಬಟ್ಟೆ ಹಿಡಿದು ನಿಂತವರು ಅಪ್ಪ. ಚುಕ್ಕಿಗಳೆಲ್ಲ ಕೂಡಿದ ಮೇಲೆ ಗ್ರೈಂಡಿಂಗ್, ಸುತ್ತಿಗೆಯ ಸಣ್ಣ ಏಟು.

‘ಪುಟ್ಟಿ ಮೆತ್ತಿಬಿಟ್ರ ಒಂದ ತಾಸಿನ ಕೆಲಸ ಅಲ್ರಿ?’ ಅಂತ ಕೇಳಿದೆ.

‘ಪುಟ್ಟಿ ಅಂದ್ರ ಪೌಡರ್ ಇದ್ದಂಗ್ರೀ ಅಣ್ಣಾರ. ಮೊದ್ಲ ಮುಖ ಇರಬೇಕಲ್ಲ!’

ನಮ್ಮ ಕೊಪ್ಪಳದ ಕಿನ್ನಾಳ ನೆನಪಾಯಿತು. ಅಲ್ಲಿನ ಚಿತ್ರಗಾರರೂ ಮರದ ಗೊಂಬೆಯ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಗಟ್ಟಿಯಾಗಿ ಕೂಡಿಸಿದ ಮೇಲೇ ಬಣ್ಣಕ್ಕೆ ಕೈ ಹಾಕುವುದು. ನಮ್ಮ ಕಾರಿಗೂ ತೆಳ್ಳಗೆ ಪುಟ್ಟಿ, ಪ್ರೈಮರ್, ನೀರು ಹಚ್ಚಿ ಪೇಪರ್ ಉಜ್ಜಿದ್ದು, ಕೊನೆಗೆ ಬಣ್ಣ. ಮುಂದಿನಿಂದ ಬೆರಳಾಡಿಸಿದರೆ ಏನೂ ತಿಳಿಯುವುದಿಲ್ಲ. ಒಳಗೆ ಕೈ ಹಾಕಿದರೆ ಮಾತ್ರ ವೆಲ್ಡಿಂಗಿನ ಗಂಟು ಸಿಗುತ್ತದೆ.

ನಿಮ್ಮ ಮನೆಯಲ್ಲೂ ಹಳೆ ಗಾಡಿ ಇದ್ದರೆ, ದಯವಿಟ್ಟು ಹೊಸ ಸಿಸ್ಟಮ್ ಅಂತ ಅದರ ತಗಡು ಕೊಯ್ಯಬೇಡಿ. ಆಗಲೇ ಯಾರೋ ಕೊಯ್ದಿದ್ದರೆ, ನನ್ನ ಹಾಗೆ ಬಾಯಿ ಬಿಡುವ ಮೊದಲು ಯಾಕೆ ಅಂತ ಒಮ್ಮೆ ಮನೆಯಲ್ಲಿ ಕೇಳಿ. ‘ತಿಳೀದವರು’ ಅಂದದ್ದಕ್ಕೆ ಅಪ್ಪನ ಹತ್ತಿರ ತಪ್ಪಾಯ್ತು ಅಂದೆ. ‘ಕೈ ಸಾಫ್ ಇರಲಿಲ್ಲ, ಅದು ಖರೇನ’ ಅಂತ ನಕ್ಕರು.

ವಿಂಟೇಜ್ ಅರ್ಜಿ ಹಾಕಿದ್ದೇನೆ, ತಪಾಸಣೆ ಇನ್ನೂ ಆಗಬೇಕು. ಹೋದ ಭಾನುವಾರ ಕುಷ್ಟಗಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆವು. ಅಪ್ಪನೇ ಓಡಿಸಿದರು. ಸ್ವಲ್ಪ ದೂರ ಹೋದ ಮೇಲೆ ಸಾಪಾದ ಡ್ಯಾಶ್‌ಬೋರ್ಡ್ ನೋಡಿ, ‘ಈಗ ಹಾಡು ಎಲ್ಲಿ ಹಚ್ಚೂದು?’ ಅಂದರು. ಹಿಂದಿನ ಸೀಟಿನಲ್ಲಿ, ಅಜ್ಜಿ ಕೂರುತ್ತಿದ್ದ ಕಡೆ, ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೆ. ಫೋನ್ ತೆಗೆದು ಷರೀಫಜ್ಜನ ಪದ ಹಚ್ಚಿದೆ.